ಆಂಬ್ಯುಲೆನ್ಸ್ ಆಗಿ ದುಡಿದ ಹಳೆಯ ಸ್ಟೇಷನ್ ವ್ಯಾಗನ್: ಗುರುತಿಸುವ ಮತ್ತು ಮರಳಿ ಸಜ್ಜುಗೊಳಿಸುವ ಬಗೆ

ಅಮೆರಿಕದ ಅನೇಕ ಊರುಗಳಲ್ಲಿ 1970ರ ದಶಕದವರೆಗೂ ಆಂಬ್ಯುಲೆನ್ಸ್ ಸೇವೆಯನ್ನು ಶವಸಂಸ್ಕಾರ ಸಂಸ್ಥೆಗಳು, ಪೊಲೀಸರು ಅಥವಾ ಸ್ವಯಂಸೇವಕ ತಂಡಗಳು ನಡೆಸುತ್ತಿದ್ದವು. ಕ್ಯಾಡಿಲಾಕ್ ಚಾಸಿಯ ಮೇಲೆ ವಿಶೇಷವಾಗಿ ಕಟ್ಟಿದ ದುಬಾರಿ ಗಾಡಿಯನ್ನು ಕೊಳ್ಳಲಾಗದವರು ಫೋರ್ಡ್, ಷೆವ್ರೊಲೆ ಅಥವಾ ಪ್ಲಿಮತ್ ಸ್ಟೇಷನ್ ವ್ಯಾಗನ್ನಿಗೆ, ಅಂದರೆ ಛಾವಣಿ ಹಿಂಬದಿಯವರೆಗೂ ಚಾಚಿ ಸೀಟಿನ ಹಿಂದೆ ಸಾಮಾನಿಗೆ ಜಾಗವಿರುವ ಕಾರಿಗೆ, ಸ್ಟ್ರೆಚರ್, ಸೈರನ್ ಮತ್ತು ಕೆಂಪು ದೀಪ ಜೋಡಿಸಿಕೊಂಡು ಕೆಲಸ ಸಾಗಿಸುತ್ತಿದ್ದರು. ಫ್ರಾನ್ಸಿನಲ್ಲಿ ಸಿಟ್ರೊಯೆನ್ ಕಂಪನಿಯೇ ಡಿಎಸ್ ಸರಣಿಯ ವ್ಯಾಗನ್ನಿನಲ್ಲಿ ಆಂಬ್ಯುಲೆನ್ಸ್ ಮಾದರಿಯನ್ನು ಮಾರುತ್ತಿತ್ತು. ಎಣ್ಣೆ ಮತ್ತು ಅನಿಲದ ಒತ್ತಡದಿಂದ ನಡೆಯುವ ಅದರ ಸಸ್ಪೆನ್ಷನ್ ರೋಗಿಗೆ ಕುಲುಕಾಟವನ್ನು ತಗ್ಗಿಸುತ್ತಿದ್ದುದರಿಂದ ಅದು ಈ ಕೆಲಸಕ್ಕೆ ಚೆನ್ನಾಗಿ ಒಗ್ಗಿತು. ಕಾರ್ಖಾನೆಯಿಂದಲೇ ಹೀಗೆ ಬಂದ ಗಾಡಿಗೆ ದಾಖಲೆ ಸಿಗುವ ಸಾಧ್ಯತೆ ಹೆಚ್ಚು. ಆದರೆ ಸ್ಥಳೀಯ ವರ್ಕ್‌ಶಾಪಿನಲ್ಲಿ ಮಾರ್ಪಾಡಾದ ವ್ಯಾಗನ್ನಿನ ಕಾಗದಪತ್ರಗಳಲ್ಲಿ ಅದರ ಸುಳಿವೇ ಇಲ್ಲದಿರಬಹುದು. ಅಂಥ ಗಾಡಿಯ ಚರಿತ್ರೆಯನ್ನು ಅದರ ತಗಡಿನಲ್ಲೇ ಓದಬೇಕಾಗುತ್ತದೆ.

ಪರಿಶೀಲನೆಯನ್ನು ಛಾವಣಿಯಿಂದ ಆರಂಭಿಸುವುದು ಒಳ್ಳೆಯದು. ತಿರುಗುವ ದೀಪವನ್ನು ತೆಗೆದು ಮಾರಿದವರು ಅದರ ರಂಧ್ರಗಳನ್ನು ಬೆಸುಗೆಯಿಂದಲೋ ಪುಟ್ಟಿಯಿಂದಲೋ ಮುಚ್ಚಿ ಬಣ್ಣ ಹೊಡೆದಿರುತ್ತಾರೆ. ತೆಳುವಾದ ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಛಾವಣಿಯ ಮೇಲೆ ಮೆಲ್ಲಗೆ ಎಳೆದರೆ ಪುಟ್ಟಿ ದಪ್ಪವಾಗಿರುವ ಕಡೆ ಅದರ ಹಿಡಿತ ಸಡಿಲವಾಗುತ್ತದೆ. ಬಳಿಕ ಒಳಛಾವಣಿಯ ಬಟ್ಟೆಯ ಒಂದು ಅಂಚನ್ನು ಬಿಡಿಸಿ ಒಳಗಿನಿಂದ ನೋಡಬೇಕು: ಭಾರ ತಡೆಯಲು ಹಾಕಿದ ಹೆಚ್ಚುವರಿ ಲೋಹದ ತುಂಡು, ನಡುವೆ ತಂತಿ ಇಳಿಯುವ ತೂತು ಮತ್ತು ಅದರ ಸುತ್ತ ಬೋಲ್ಟ್ ಗುರುತುಗಳು ಕಂಡರೆ ಅಲ್ಲಿ ದೀಪವಿತ್ತೆಂದು ನಂಬಬಹುದು. ಆದರೂ ಇಷ್ಟರಿಂದಲೇ ಆಂಬ್ಯುಲೆನ್ಸ್ ಎಂದು ತೀರ್ಮಾನಿಸಬಾರದು, ಏಕೆಂದರೆ ಪೊಲೀಸ್ ಮತ್ತು ಅಗ್ನಿಶಾಮಕ ದಳದ ವ್ಯಾಗನ್‌ಗಳಿಗೂ ಇಂಥ ದೀಪಗಳಿರುತ್ತಿದ್ದವು.

ನಿಜವಾದ ಸಾಕ್ಷಿ ನೆಲದಲ್ಲಿರುತ್ತದೆ. ಗಾಡಿ ತಿರುವಿನಲ್ಲಿ ವಾಲಿದಾಗ ಸ್ಟ್ರೆಚರ್ ಜಾರದಂತೆ ಅದನ್ನು ಹಿಡಿದಿಡುವ ಕೊಕ್ಕೆ ಮತ್ತು ಬಟ್ಟಲಿನಾಕಾರದ ಹಿಡಿಕೆಗಳನ್ನು ನೆಲಕ್ಕೆ ಬೋಲ್ಟ್ ಮಾಡುತ್ತಿದ್ದರು. ಹಿಡಿಕೆಗಳೇ ಕಾಣೆಯಾಗಿದ್ದರೂ ಒಂದು ಪಕ್ಕಕ್ಕೆ ಸರಿದ ಬೋಲ್ಟ್ ರಂಧ್ರಗಳು ಮತ್ತು ಚಕ್ರಗಳು ಉರುಳಿ ಸವೆದ ಉದ್ದನೆಯ ಗೀರುಗಳು ಉಳಿದಿರಬಹುದು. ಹಿಂದಿನ ಸೀಟಿನ ಅರ್ಧ ಭಾಗವನ್ನು ಮಾತ್ರ ಮಡಚುವ ಇಲ್ಲವೇ ತೆಗೆಯುವ ವ್ಯವಸ್ಥೆಯಿದ್ದರೆ, ರೋಗಿಯ ತಲೆಯ ಪಕ್ಕದಲ್ಲಿ ಪರಿಚಾರಕ ಕೂರುತ್ತಿದ್ದನೆಂದು ಊಹಿಸಬಹುದು. ಮಾರುವವರು ತೋರಿಸುವ ಹಳೆಯ ಫೋಟೊಗಿಂತ ಈ ಗೀರುಗಳನ್ನೇ ನಾನು ಹೆಚ್ಚು ನಂಬುತ್ತೇನೆ. ಫೋಟೊದಲ್ಲಿರುವುದು ಅದೇ ಬಣ್ಣದ ಬೇರೆ ಗಾಡಿಯೂ ಆಗಿರಬಹುದು.

ಮುಂದಿನ ಹೆಜ್ಜೆ ಕಾಲಕ್ರಮದ ತಾಳೆ. ಷೆವ್ರೊಲೆ 1955ರ ಮಾದರಿಗಳಲ್ಲೂ ಫೋರ್ಡ್ 1956ರ ಮಾದರಿಗಳಲ್ಲೂ 6 ವೋಲ್ಟಿನ ವಿದ್ಯುತ್ ವ್ಯವಸ್ಥೆಯಿಂದ 12 ವೋಲ್ಟಿನದಕ್ಕೆ ಬದಲಾದವು. ಹಾಗಾಗಿ 1960ರ ಗಾಡಿಯ ಮೇಲೆ 6 ವೋಲ್ಟಿನ ಸೈರನ್ ಕುಳಿತಿದ್ದರೆ ಅದು ಯಾವನೋ ಸಂಗ್ರಾಹಕ ಆಮೇಲೆ ತಂದಿಟ್ಟದ್ದೇ ಇರಬೇಕು. ಆರು ಕಡ್ಡಿಗಳ ನೀಲಿ ನಕ್ಷತ್ರದ ಲಾಂಛನ, ಅಂದರೆ ಸ್ಟಾರ್ ಆಫ್ ಲೈಫ್, ಬಳಕೆಗೆ ಬಂದದ್ದು 1973ರ ಸುಮಾರಿಗೆ. ಅಲ್ಲಿಯವರೆಗೆ ಅನೇಕರು ಬಳಸುತ್ತಿದ್ದ ಕಿತ್ತಳೆ ಶಿಲುಬೆ ರೆಡ್ ಕ್ರಾಸ್ ಚಿಹ್ನೆಯನ್ನು ಹೋಲುತ್ತದೆಂಬ ಆಕ್ಷೇಪ ಬಂದದ್ದರಿಂದಲೇ ಹೊಸ ಲಾಂಛನವನ್ನು ರೂಪಿಸಲಾಯಿತು. 1962ರ ವ್ಯಾಗನ್ನಿನ ಬಾಗಿಲಿನ ಮೇಲೆ ಆ ನಕ್ಷತ್ರವಿದ್ದರೆ ಒಂದೋ ಗಾಡಿ ಬಹಳ ವರ್ಷ ಸೇವೆಯಲ್ಲಿತ್ತು, ಇಲ್ಲವೇ ಬಣ್ಣ ಹೊಸದು. ಕೆಂಪು ಶಿಲುಬೆಯನ್ನಂತೂ ಹೊಸದಾಗಿ ಬರೆಸಲೇಬಾರದು. ಅದು ಜಿನೀವಾ ಒಪ್ಪಂದಗಳ ರಕ್ಷಣೆಯಲ್ಲಿರುವ ಚಿಹ್ನೆ.

ಸಜ್ಜುಗೊಳಿಸುವಾಗ ಗಾಡಿಯೇ ಸಾಕ್ಷಿ ಹೇಳುವ ಸಲಕರಣೆಗಳನ್ನು ಮಾತ್ರ ಮರಳಿ ಕೂರಿಸಬೇಕು, ಅವನ್ನೂ ಹಳೆಯ ರಂಧ್ರಗಳಲ್ಲೇ ಕೂರಿಸಬೇಕು. ಟಿಂಕರಿಂಗ್ ಶುರುವಾಗುವ ಮುನ್ನ ಪ್ರತಿಯೊಂದು ರಂಧ್ರವನ್ನೂ ಅಳತೆಪಟ್ಟಿಯೊಂದಿಗೆ ಫೋಟೊ ತೆಗೆದಿಟ್ಟುಕೊಳ್ಳಬೇಕು. ಬಣ್ಣವನ್ನು ಉಜ್ಜುವಾಗ ಬಾಗಿಲಿನ ಮೇಲೆ ಹಳೆಯ ಅಕ್ಷರಗಳ ನೆರಳು ಮೂಡಿ ಸಂಸ್ಥೆಯ ಹೆಸರೇ ಸಿಗುವುದುಂಟು. ಆದ್ದರಿಂದ ಯಂತ್ರದ ಬದಲು ಕೈಯಿಂದ, ನೀರು ಹಾಕಿ, ನಿಧಾನವಾಗಿ ಉಜ್ಜುವುದು ಸೂಕ್ತ. ಹಳೆಯ ಬಣ್ಣದಲ್ಲಿ ಸೀಸ ಮತ್ತು ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ತಕ್ಕ ಮಾಸ್ಕ್ ಧರಿಸಬೇಕು, ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿ ಹಿಡಿದು ಊದಬಾರದು.

ವಿದ್ಯುತ್ತಿನ ವಿಷಯದಲ್ಲಿ ಆತುರ ಸಲ್ಲದು. ಮೋಟಾರಿನಿಂದ ತಿರುಗುವ ದೊಡ್ಡ ಸೈರನ್ 12 ವೋಲ್ಟಿನಲ್ಲಿ 100 ಆಂಪಿಯರ್‌ನಷ್ಟು ಎಳೆಯಬಲ್ಲದು, ಆ ಕಾಲದ ಸಾಮಾನ್ಯ ಡೈನಮೊ ಕೊಡುತ್ತಿದ್ದುದು ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಸೈರನ್ನಿಗೆ ಬ್ಯಾಟರಿಯಿಂದ ನೇರವಾಗಿ ದಪ್ಪ ಕೇಬಲ್ ಎಳೆದು, ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಹಾಕಿ, ಭಾರೀ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಿಯಂತ್ರಿಸುವ ಸ್ವಿಚ್) ಮೂಲಕ ನಿಯಂತ್ರಿಸಬೇಕು. ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ಅಷ್ಟು ಕರೆಂಟ್ ಹರಿಯಲು ಬಿಟ್ಟರೆ ತಂತಿ ಸುಟ್ಟುಹೋಗುತ್ತದೆ. ಗಾಡಿಯೊಡನೆ ಆಮ್ಲಜನಕದ ಸಿಲಿಂಡರ್ ಬಂದಿದ್ದರೆ ಅದರ ಭುಜದ ಮೇಲೆ ಕೆತ್ತಿದ ಪರೀಕ್ಷೆಯ ತಿಂಗಳು, ವರ್ಷಗಳನ್ನು ನೋಡಿ, ವಾಲ್ವಿಗೆ ಎಣ್ಣೆ, ಗ್ರೀಸ್ ಸೋಕಿಸದೆ, ಅನಿಲ ಸಿಲಿಂಡರ್ ಪರೀಕ್ಷಿಸುವವರಿಂದ ಖಾಲಿ ಮಾಡಿಸಬೇಕು. ಪ್ರದರ್ಶನಕ್ಕೆ ಖಾಲಿ ಸಿಲಿಂಡರ್ ಸಾಕು.

ರಸ್ತೆಗೆ ಇಳಿಸುವಾಗ ಸೈರನ್ನಿನ ಫ್ಯೂಸ್ ತೆಗೆದು, ಛಾವಣಿಯ ದೀಪಕ್ಕೆ ಬೆಳಕು ತೂರದ ಗವಸು ತೊಡಿಸಬೇಕು. ಖಾಸಗಿ ವಾಹನದ ಮೇಲೆ ಇವನ್ನು ಬಳಸುವುದು ಹಲವು ಕಡೆ ಅಪರಾಧವಾದ್ದರಿಂದ ನೋಂದಣಿ ಮಾಡಿಸುವ ಮೊದಲೇ ಅಲ್ಲಿನ ನಿಯಮವನ್ನು ವಿಚಾರಿಸಬೇಕು. ಗಾಡಿ ಚಲಿಸುವಾಗ ಸ್ಟ್ರೆಚರನ್ನು ಅದರ ಹಿಡಿಕೆಗೆ ಭದ್ರವಾಗಿ ಸಿಕ್ಕಿಸಿರಬೇಕು, ಅದರ ಮೇಲೆ ಯಾರನ್ನೂ, ತಮಾಷೆಗೂ ಸಹ, ಮಲಗಿಸಿ ಕರೆದೊಯ್ಯಬಾರದು.