ಏಳು ದಿನ, ಒಂದು ಪ್ರಸಂಗ: ಶಿರಸಿಯಲ್ಲಿ ಕೂತು ಯಕ್ಷಗಾನ ಪದ್ಯ ಹುಡುಕುವ ಟೂಲ್ ಕಟ್ಟುವ ಬಗೆ

ಮೊದಲು ವಾರ ಆರಿಸಿ. ನವೆಂಬರ್‌ನಿಂದ ಮೇ ತನಕ ಪದ್ಯ ಹಾಡುವ ಭಾಗವತರು ಮೇಳದ ತಿರುಗಾಟದಲ್ಲಿ, ಚಳಿಗಾಲದಲ್ಲಿ ಉಳಿದವರೆಲ್ಲ ಅಡಿಕೆ ಕೊಯ್ಲಿನಲ್ಲಿ. ಜೂನ್ ಬಂತೆಂದರೆ ಮಳೆ, ಮಳೆಯ ಹಿಂದೆಯೇ ಕರೆಂಟು ಹೋಗುವುದು. ತಿರುಗಾಟ ಮುಗಿಯುವ ಮೇ ಕೊನೆಯ ವಾರವೇ ಸರಿ. ಮದುವೆ ಮುಂಜಿಯ ಕರೆಯೋಲೆಗಳನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ಆರು ಜನ ಸಾಕು: ಕೋಡ್ ಬರೆಯುವವರು ಇಬ್ಬರು, ಕನ್ನಡ ವೇಗವಾಗಿ ಟೈಪ್ ಮಾಡುವವರು ಇಬ್ಬರು, ಒಬ್ಬ ಭಾಗವತರು, ಊಟದಿಂದ ಹಿಡಿದು ಫೈಲಿನ ಹೆಸರಿನವರೆಗೆ ಎಲ್ಲ ನೋಡಿಕೊಳ್ಳುವವರು ಒಬ್ಬರು. ಭಾಗವತರನ್ನು ಕೊನೆಯ ದಿನ ಕರೆದು ತೋರಿಸುವುದು ದಂಡ. ಮೊದಲ ದಿನದಿಂದ ಅವರು ಅದೇ ಜಗುಲಿಯಲ್ಲಿ ಕೂತಿರಬೇಕು. ಜೊತೆಗೆ ಇನ್ವರ್ಟರ್, ಒಂದು ವೈಫೈ ರೂಟರ್. ಒಂದು ಲ್ಯಾಪ್‌ಟಾಪ್‌ನಲ್ಲೇ ಗಿಟ್ ಸರ್ವರ್ (ಎಲ್ಲರ ಕೋಡನ್ನೂ ಒಟ್ಟಿಗೆ ಕಾಯ್ದಿಡುವ ಜಾಗ) ಇಟ್ಟುಕೊಂಡರೆ ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಗುರಿ ಚಿಕ್ಕದಿರಲಿ. ನಾಲ್ಕು ಸಾಲಿನ ಪದ್ಯವನ್ನು ಟೈಪ್ ಮಾಡಿ ಒಮ್ಮೆ ತಿದ್ದಲು ಐದು ನಿಮಿಷ ಹಿಡಿಯಿರಿ. ದಿನಕ್ಕೆ ಆರು ತಾಸಿನಂತೆ ಇಬ್ಬರು ಎರಡು ದಿನದಲ್ಲಿ ಮುಗಿಸುವುದು ಸುಮಾರು 280 ಪದ್ಯ. ಅಂದರೆ ಒಂದು ಪ್ರಸಂಗ, ಒಂದು ಆಟದ ಪದ್ಯಗಳು. ಹತ್ತು ಪ್ರಸಂಗ ಮಾಡುತ್ತೇವೆ ಎಂದು ಹೊರಟವರ ಕೈಯಲ್ಲಿ ವಾರದ ಕೊನೆಗೆ ಹತ್ತು ಅರ್ಧಂಬರ್ಧ ಫೈಲು ಉಳಿಯುತ್ತವೆ. ಪ್ರಸಂಗವೂ ಹಳೆಯದಿರಲಿ. ಕವಿ ತೀರಿ 60 ವರ್ಷ ಆಗಿರದಿದ್ದರೆ ಹಕ್ಕುದಾರರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು.

ಒಂದನೇ ದಿನ ಪುಟಗಳ ಚಿತ್ರ. ಅಟ್ಟದಿಂದ ಇಳಿಸಿದ ಕೈಬರಹದ ಪುಸ್ತಕ ತೇವವಾಗಿದ್ದರೆ ಹಾಳೆ ಬಿಡಿಸಲು ಹೋಗಬೇಡಿ, ಫ್ಯಾನಿನ ಗಾಳಿಗೆ ಒಂದು ದಿನ ಇಡಿ. ಬಿಸಿಲಿಗೆ ಒಡ್ಡಿದರೆ ಹಾಳೆ ಮುರುಟಿಕೊಳ್ಳುತ್ತದೆ. ಫೋನಿನಲ್ಲಿ ತೆಗೆದ ಚಿತ್ರವನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಒತ್ತಕ್ಷರಗಳೇ ಮಸುಕಾಗುತ್ತವೆ. ಕೇಬಲ್ ಹಾಕಿ ನಕಲು ಮಾಡಿ. ಟೆಸರಾಕ್ಟ್‌ನಂಥ ಒಸಿಆರ್ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಅಚ್ಚಿನ ಪುಸ್ತಕಕ್ಕೆ ಒಂದಿಷ್ಟು ನೆರವಾದೀತು, ಕೈಬರಹಕ್ಕೆ ಅದರ ಆಸೆ ಬಿಡಿ.

ಎರಡನೇ ದಿನ, ಟೈಪಿಂಗ್ ಶುರುವಾಗುವ ಮೊದಲೇ, ಕಾಲಮ್‌ಗಳು ಗಟ್ಟಿಯಾಗಬೇಕು: ಪದ್ಯ ಸಂಖ್ಯೆ, ಪುಸ್ತಕದಲ್ಲಿ ಇದ್ದಂತೆ ರಾಗ-ತಾಳ, ತಿದ್ದಿದ ರಾಗ, ತಿದ್ದಿದ ತಾಳ, ಬಂಧ (ಛಂದಸ್ಸಿನ ಬಗೆ), ಪದ್ಯ, ಚಿತ್ರದ ಹೆಸರು. ರಾಗ-ತಾಳಕ್ಕೆ ಎರಡೆರಡು ಸಲ ಜಾಗ ಏಕೆಂದರೆ ಒಂದೇ ಪುಸ್ತಕದಲ್ಲಿ ‘ಝಂಪೆ’ಯೂ ‘ಜಂಪೆ’ಯೂ, ‘ತ್ರಿವುಡೆ’ಯೂ ‘ತಿವುಡೆ’ಯೂ ಸಿಗುತ್ತವೆ. ಯಾವುದು ಬರೆದವರ ಕೈತಪ್ಪು, ಯಾವುದು ಬೇರೆಯೇ ರಾಗ ಅಥವಾ ತಾಳ ಎಂದು ಹೇಳಬಲ್ಲವರು ಭಾಗವತರು ಮಾತ್ರ. ಮೂಲ ಬರಹವನ್ನು ಅಳಿಸಬೇಡಿ. ಭಾಮಿನಿ, ವಾರ್ಧಕ, ಕಂದಗಳ ನೆತ್ತಿಯ ಮೇಲೆ ಸಾಮಾನ್ಯವಾಗಿ ಛಂದಸ್ಸಿನ ಹೆಸರಷ್ಟೇ ಇರುತ್ತದೆ. ಕೋಡ್ ಬರೆಯುವವರು ರಾಗದ ಕಾಲಮ್ ಖಾಲಿ ಇರುವುದನ್ನು ತಪ್ಪೆಂದು ತಿಳಿದು ಸಾಲನ್ನೇ ತಳ್ಳಿಹಾಕದಂತೆ ಹೇಳಿಡಿ.

ಮೂರು, ನಾಲ್ಕನೇ ದಿನ ಟೈಪಿಂಗ್. ಇಲ್ಲೇ ಕಾಣದ ಕಳ್ಳರು ನುಗ್ಗುವುದು. ‘ಬಂದ’ ಮತ್ತು ‘ಬ೦ದ’ ನೋಡಲು ಒಂದೇ. ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿದೆ, ಹುಡುಕಿದರೆ ಸಿಗುವುದಿಲ್ಲ. ‘ಕೊ’ ಬರೆಯುವಾಗ ಕೆಲವು ಕೀಬೋರ್ಡ್‌ಗಳು ಒಂದೇ ಚಿಹ್ನೆ ಇಟ್ಟರೆ ಕೆಲವು ಎತ್ವ, ಊಕಾರದ ಕೊಂಬು ಎಂದು ಎರಡು ಇಡುತ್ತವೆ. ‘ಕಾರ್ಯ’ವನ್ನು ಅರ್ಕಾವೊತ್ತಿಲ್ಲದೆ ಬರೆಯುವವರು ನಡುವೆ ಕಣ್ಣಿಗೆ ಬೀಳದ ಜೋಡುಚಿಹ್ನೆಯೊಂದನ್ನು (ZWJ) ಬಿಟ್ಟಿರುತ್ತಾರೆ. ಹಾಗಾಗಿ ಪ್ರತಿ ಸಾಲಿಗೂ, ಹುಡುಕುವ ಪದಕ್ಕೂ, ಎನ್‌ಎಫ್‌ಸಿ (ಒಡೆದ ಚಿಹ್ನೆಗಳನ್ನು ಒಂದಾಗಿಸುವ ಯೂನಿಕೋಡ್ ಕ್ರಮ) ಹಚ್ಚಿ, ಜೋಡುಚಿಹ್ನೆ ತೆಗೆಯಿರಿ, ಅಕ್ಷರಗಳ ನಡುವಿನ ಸೊನ್ನೆಯನ್ನು ಅನುಸ್ವಾರ ಮಾಡಿ. ಎರಡಕ್ಕೂ ಒಂದೇ ಫಂಕ್ಷನ್ ಇರಲಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಡಿಟಿಪಿ ಫೈಲು ಸಿಕ್ಕಿದ್ದರೆ ಯೂನಿಕೋಡ್‌ಗೆ ತಿರುಗಿಸಿದ ಮೇಲೆ ಅರ್ಕಾವೊತ್ತಿನ ಪದಗಳನ್ನೇ ಮೊದಲು ಪರೀಕ್ಷಿಸಿ.

ಐದನೇ ದಿನ ಹುಡುಕಾಟ. ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಪದ ಹುಡುಕಲು ಇರುವ ಎಫ್‌ಟಿಎಸ್5 ಬಳಸುವವರು ಬೀಳುವ ಹೊಂಡ ಒಂದಿದೆ. ಸಾಲನ್ನು ಪದಗಳಾಗಿ ಒಡೆಯುವ ಅದರ ಮಾಮೂಲಿ ಟೋಕನೈಜರ್ ಕನ್ನಡದ ಗುಣಿತಚಿಹ್ನೆಗಳನ್ನು ಪದದ ಗಡಿ ಎಂದು ತಿಳಿಯುತ್ತದೆ. ‘ಭಾಮಿನಿ’ ಅದಕ್ಕೆ ಭ, ಮ, ನ ಎಂಬ ಮೂರು ಪದ. ಪರಿಣಾಮ, ಭಾಮಿನಿ ಹುಡುಕಿದವರಿಗೆ ‘ಭೂಮಿನಾಥ’ನೂ ಎದುರಾಗುತ್ತಾನೆ! ಟೋಕನೈಜರ್‌ನ ಕೆಟಗರಿ ಪಟ್ಟಿಗೆ ಗುಣಿತಚಿಹ್ನೆಗಳ ಯೂನಿಕೋಡ್ ಗುಂಪುಗಳಾದ ಎಮ್‌ಎನ್ (Mn), ಎಮ್‌ಸಿ (Mc) ಸೇರಿಸಿದರೆ ಇದು ಸರಿಹೋಗುತ್ತದೆ. ಆದರೂ ಪ್ರಸಂಗದ ಸಾಲಿನಲ್ಲಿ ಪದಗಳು ಸಂಧಿಯಾಗಿ ಅಂಟಿಕೊಂಡಿರುವುದರಿಂದ ಪದದ ನಡುವಿನ ತುಂಡನ್ನೂ ಹುಡುಕುವಂತಿರಬೇಕು. 280 ಪದ್ಯಕ್ಕೆ ಡೇಟಾಬೇಸೇ ಬೇಡ ಎಂಬುದು ನಮ್ಮ ಅಭಿಪ್ರಾಯ. ಬ್ರೌಸರ್‌ನಲ್ಲಿ ಎಲ್ಲ ಸಾಲನ್ನೂ ನೇರವಾಗಿ ಜಾಲಾಡಿದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

ಡೇಟಾವನ್ನು ಬೇರೆ ಜೇಸನ್ ಫೈಲಿನಲ್ಲಿ ಇಡಬೇಡಿ. ಪೆನ್‌ಡ್ರೈವ್‌ನಿಂದ ನೇರವಾಗಿ ತೆರೆದ ಪುಟಕ್ಕೆ ಅದನ್ನು ಓದಲು ಕ್ರೋಮ್ ಬಿಡುವುದಿಲ್ಲ. ಜಾವಾಸ್ಕ್ರಿಪ್ಟ್ ಫೈಲಿನೊಳಗೆ ವೇರಿಯಬಲ್ ಆಗಿ ಹಾಕಿ.

ಆರನೇ ದಿನ ಹೊಸ ಕೋಡ್ ಬಂದ್. ಭಾಗವತರ ಕೈಗೆ ಫೋನ್ ಕೊಟ್ಟು ‘ಭೈರವಿ ಝಂಪೆಯ ಪದ್ಯಗಳನ್ನೆಲ್ಲ ತೆಗೆಯಿರಿ’ ಎನ್ನಿ, ನೀವು ಬಾಯಿ ಬಿಡದೆ ನೋಡಿ. ಅವರ ಬೆರಳು ತಡೆದ ಕಡೆಯಲ್ಲೆಲ್ಲ ಒಂದೊಂದು ಗೆರೆ ಬರೆದುಕೊಳ್ಳಿ. ಅಕ್ಷರ ಚಿಕ್ಕದು ಎಂಬ ದೂರು ಬಂದೇ ಬರುತ್ತದೆ.

ಏಳನೇ ದಿನ ಬೆಳಿಗ್ಗೆ ಆ ಗೆರೆಗಳನ್ನು ಸರಿಮಾಡಿ, ಒಂದು ಪುಟದ ಬಳಕೆಯ ಟಿಪ್ಪಣಿ ಬರೆಯಿರಿ. ಮಧ್ಯಾಹ್ನ ಮೂರು ಪ್ರತಿ: ಚಿತ್ರಗಳ ಸಮೇತ ಒಂದು ಹಾರ್ಡ್‌ಡಿಸ್ಕ್ ಪುಸ್ತಕದ ಮನೆಯವರಿಗೆ, ಒಂದು ತಂಡಕ್ಕೆ, ಚಿತ್ರವಿಲ್ಲದ ಪೆನ್‌ಡ್ರೈವ್ ಭಾಗವತರಿಗೆ. ಮೂಲ ಪುಸ್ತಕವನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬದೆ, ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ ಹಿಂತಿರುಗಿಸಿ.