ಹಿತ್ತಲಲ್ಲಿ ಕಂಡ ಹುಳವನ್ನೆಲ್ಲ ಕೊಲ್ಲಬೇಡಿ

ದಾಸವಾಳದ ಕುಡಿಯಲ್ಲಿ ಬಿಳಿ ಹಿಟ್ಟು ಮೆತ್ತಿದ ಹಾಗೆ ಕಂಡ ಕೂಡಲೇ ಔಷಧಿ ತರಲು ಓಡುವವರೇ ಜಾಸ್ತಿ. ಸ್ವಲ್ಪ ತಡೆಯಿರಿ. ಮೊದಲು ಕಾಂಡ ನೋಡಿ. ಇರುವೆ ಸಾಲುಗಟ್ಟಿ ಹತ್ತಿ ಇಳಿಯುತ್ತಿವೆಯಾ? ಹಾಗಿದ್ದರೆ ಮೊದಲು ಇರುವೆಯನ್ನು ತಡೆಯಬೇಕು. ಆ ಬಿಳಿ ಹಿಟ್ಟಿನಂತೆ ಕಾಣುವ ಹಿಟ್ಟು ತಿಗಣೆ, ಜೊತೆಗೆ ಗಿಡಹೇನು, ಎರಡೂ ರಸ ಹೀರಿ ಸಿಹಿ ಅಂಟು ಬಿಡುತ್ತವೆ. ಅದರ ಆಸೆಗೆ ಇರುವೆಗಳು ಅವನ್ನು ಹಸು ಸಾಕಿದ ಹಾಗೆ ಸಾಕುತ್ತವೆ, ತಿನ್ನಲು ಬಂದ ಹುಳಗಳನ್ನು ಓಡಿಸುತ್ತವೆ. ಕಾಂಡಕ್ಕೆ ನಾಲ್ಕು ಬೆರಳು ಅಗಲದ, ದಪ್ಪ ಕಾಗದದ ಪಟ್ಟಿ ಸುತ್ತಿ, ಅದರ ಮೇಲೆ ಗ್ರೀಸ್ ಸವರಿ. ತೊಗಟೆಗೆ ನೇರವಾಗಿ ಬಳಿಯಬೇಡಿ. ರೆಂಬೆ ಗೋಡೆಗೆ ತಾಗುತ್ತಿದ್ದರೆ ಕತ್ತರಿಸಿ, ಇಲ್ಲದಿದ್ದರೆ ಇರುವೆ ಆ ಕಡೆಯಿಂದ ಬರುತ್ತದೆ.

ಇರುವೆ ಕಾಟ ತಪ್ಪಿದರೆ ಇವನ್ನು ತಿನ್ನುವ ಗುಲಗಂಜಿ ಹುಳುವಿಗೆ ದಾರಿ ಸಲೀಸು. ಕೆಂಪು ಮೈ, ಕಪ್ಪು ಚುಕ್ಕೆ, ಇದನ್ನು ಎಲ್ಲರೂ ಗುರುತಿಸುತ್ತಾರೆ. ಅದರ ಮರಿಯನ್ನು ಮಾತ್ರ ಪಾಪ, ಕೆಟ್ಟ ಹುಳ ಎಂದು ಹೊಸಕಿಬಿಡುತ್ತಾರೆ. ಕಪ್ಪು-ಬೂದು ಬಣ್ಣದ ಉದ್ದ ಮೈ, ಅಲ್ಲಲ್ಲಿ ಕಿತ್ತಳೆ ಮಚ್ಚೆ, ರೆಕ್ಕೆ ಇಲ್ಲ. ಇನ್ನೊಂದು ಜಾತಿಯ ಮರಿಗೆ ಮೈತುಂಬ ಬಿಳಿ ಮೇಣದ ಎಳೆ. ನೋಡಲು ಥೇಟ್ ಹಿಟ್ಟು ತಿಗಣೆ, ತಿನ್ನುವುದೂ ಹಿಟ್ಟು ತಿಗಣೆಯನ್ನೇ! ಕಡ್ಡಿಯಿಂದ ಮುಟ್ಟಿ ನೋಡಿ. ತಿಗಣೆ ಅಲ್ಲೇ ತೆವಳುತ್ತದೆ. ಗುಲಗಂಜಿ ಮರಿ ಗಾತ್ರದಲ್ಲಿ ದೊಡ್ಡದು, ಚುರುಕಾಗಿ ಓಡುತ್ತದೆ. ಓಡಿದ್ದನ್ನು ಬಿಟ್ಟುಬಿಡಿ.

ಹಾಗಂತ ಚುಕ್ಕೆ ಇದ್ದದ್ದೆಲ್ಲ ಒಳ್ಳೆಯದಲ್ಲ. ಬದನೆ ಎಲೆ ಕೆರೆದು ಜರಡಿ ಮಾಡುವ ಒಂದು ಗುಲಗಂಜಿ ಇದೆ. ಹೊಳಪಿಲ್ಲದ ಕಂದು ಮೈ, ತುಂಬಾ ಚುಕ್ಕೆ. ಮರಿ ಹಳದಿ, ಮುಳ್ಳುಮುಳ್ಳು. ಇದನ್ನು ಮುಲಾಜಿಲ್ಲದೆ ಆರಿಸಿ ಸೋಪಿನ ನೀರಿಗೆ ಹಾಕಿ.

ತಿಗಣೆ ಮಿತಿಮೀರಿದರೆ ತುದಿ ಕತ್ತರಿಸಿ, ಪೈಪಿನ ನೀರು ಜೋರಾಗಿ ಬಿಟ್ಟು ತೊಳೆಯಿರಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಆಮೇಲೂ ಉಳಿದರೆ 5 ಮಿಲಿ ಬೇವಿನ ಎಣ್ಣೆಗೆ ಸ್ವಲ್ಪ ಸೋಪಿನ ದ್ರಾವಣ ಕಲಸಿ, ಒಂದು ಲೀಟರ್ ನೀರಿಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿ. ಸಂಜೆ ಹೊತ್ತು, ಎಲೆಯ ಅಡಿಭಾಗಕ್ಕೆ, ಹುಳ ಹತ್ತಿದ ಕೊಂಬೆಗೆ ಮಾತ್ರ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ, ಬೆಳಗ್ಗೆ ಹೊಡೆದರೆ ಹೂವಿಗೆ ಬಂದ ಜೇನಿಗೆ ತೊಂದರೆ.

ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಮರಿ. ಬೆಳೆದ ಮೇಲೆ ಹಸಿರಾಗುತ್ತದೆ. ದೊಡ್ಡ ಗಿಡವಾದರೆ ಒಂದೆರಡು ತಿಂದುಕೊಳ್ಳಲಿ ಬಿಡಿ. ಕುಂಡದ ಸಣ್ಣ ಗಿಡವಾದರೆ ಎಲೆ ಸಮೇತ ತೆಗೆದು ನಿಂಬೆ ಗಿಡಕ್ಕೆ ಬಿಟ್ಟರಾಯಿತು.

ಮಳೆಗಾಲದ ದೊಡ್ಡ ಆಫ್ರಿಕನ್ ಬಸವನಹುಳುವಿನ ಮೇಲೆ ನನಗೆ ಕನಿಕರ ಇಲ್ಲ. ರಾತ್ರಿ ಒದ್ದೆ ಗೋಣಿಚೀಲದ ಕೆಳಗೆ ಕೋಸಿನ ಎಲೆ, ಪಪ್ಪಾಯ ಸಿಪ್ಪೆ ಇಡಿ. ಬೆಳಗ್ಗೆ ಅಲ್ಲೇ ಗುಂಪಾಗಿ ಸಿಗುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಅದರಿಂದ ರೋಗ ಬರಬಹುದು. ಗಟ್ಟಿ ಉಪ್ಪುನೀರಿನ ಬಕೆಟ್‌ಗೆ ಹಾಕಿ. ಉಪ್ಪನ್ನು ಗಿಡದ ಬುಡಕ್ಕೆ ಸುರಿದರೆ ಮಣ್ಣು ಕೆಡುತ್ತದೆ, ಎರೆಹುಳುವೂ ಸಾಯುತ್ತದೆ.

ಕೊತ್ತಂಬರಿ, ಸಬ್ಬಸಿಗೆಯನ್ನು ಪೂರ್ತಿ ಕೀಳದೆ ನಾಲ್ಕು ಗಿಡ ಹೂ ಬಿಡಲಿ. ಆ ಪುಟ್ಟ ಹೂವಿಗೆ ಸಣ್ಣ ಸಣ್ಣ ಕಣಜಗಳು ಬರುತ್ತವೆ. ಅವು ಕಚ್ಚುವುದಿಲ್ಲ, ಹುಳದ ಮೈಯೊಳಗೆ ಮೊಟ್ಟೆ ಇಟ್ಟು ಅದನ್ನು ಮುಗಿಸುತ್ತವೆ. ನಮ್ಮ ಕಡೆ ಪಪ್ಪಾಯಕ್ಕೆ ಹಿಟ್ಟು ತಿಗಣೆ ಹಾವಳಿ ಎಬ್ಬಿಸಿದಾಗ, 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ ಬಿಟ್ಟ ಇಂಥದೇ ಕಣಜ ಅದನ್ನು ಹದ್ದುಬಸ್ತಿಗೆ ತಂದಿತು. ಹೂವಿನ ಪಕ್ಕ ಅಗಲವಾದ ತಟ್ಟೆಯಲ್ಲಿ ಕಲ್ಲು ಹಾಕಿ ನೀರಿಡಿ, ಜೇನು ಕೂತು ಕುಡಿಯಲು ಸುಲಭ. ಎರಡು ದಿನಕ್ಕೊಮ್ಮೆ ಆ ನೀರು ಚೆಲ್ಲಿ ತಟ್ಟೆ ಉಜ್ಜಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ.