ಹಣ್ಣಿನ ನೊಣದ ಡಬ್ಬಿಗಳಿಂದ ನುಸಿ ಓಡಿಸಿದ್ದು

ನಮ್ಮ ಟೆರೇರಿಯಂನಲ್ಲಿ (ಗಿಡ, ಮಣ್ಣು ಹಾಕಿದ ಗಾಜಿನ ಪೆಟ್ಟಿಗೆ) ನೀಲಿ ಡಾರ್ಟ್ ಕಪ್ಪೆಗಳಿವೆ. ಇವುಗಳ ಮೂಲ ಸುರಿನಾಮ್ ದೇಶದ ಸಿಪಾಲಿವಿನಿ ಪ್ರದೇಶ. ಹಾರಲಾರದ ಹಣ್ಣಿನ ನೊಣಗಳೇ ಇವಕ್ಕೆ ಮುಖ್ಯ ಊಟ. ಅವನ್ನು ಮನೆಯಲ್ಲೇ ಡಬ್ಬಿಗಳಲ್ಲಿ ಬೆಳೆಸಬೇಕು. ಈಚೆಗೆ ಡಬ್ಬಿಗಳು ಒಂದರ ಹಿಂದೊಂದು ಸೊರಗತೊಡಗಿದವು. ಒಳಗೋಡೆಯಲ್ಲಿ ಕಂದು ಪುಡಿ ಅಂಟಿದಂತಿತ್ತು. ಭೂತಗನ್ನಡಿ ಹಿಡಿದರೆ ಪುಡಿ ಓಡಾಡುತ್ತಿತ್ತು. ನುಸಿ, ಅಂದರೆ ಮೈಟ್ ಎಂಬ ಅತಿ ಸಣ್ಣ ಜೀವಿ!

ತಿಂಗಳು ದಾಟಿದ ಡಬ್ಬಿಗಳನ್ನೆಲ್ಲ ಫ್ರೀಜರಿನಲ್ಲಿಟ್ಟು, ಆಮೇಲೆ ಎಸೆದೆ. ಹೊಸ ಡಬ್ಬಿಗೆ ಎಳೆಯ ಡಬ್ಬಿಯಲ್ಲಿ ಮೊದಲು ಹೊರಬಂದ ನೊಣಗಳನ್ನಷ್ಟೇ ಆರಿಸಿದೆ. ಅವನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಮೆಲ್ಲಗೆ ಅಲುಗಾಡಿಸಿ, ಬೇರೆ ಲೋಟಕ್ಕೆ ದಾಟಿಸಿದೆ. ಮೈಗಂಟಿದ ನುಸಿ ಬಹುಪಾಲು ಪುಡಿಯಲ್ಲೇ ಉದುರುತ್ತದೆ. ಡಬ್ಬಿಗಳನ್ನು ಸೋಪುನೀರಿನ ತಟ್ಟೆಯ ನಡುವೆ ಎತ್ತರಿಸಿ ಇಟ್ಟೆ. ಸುಮ್ನೆ ಕಪಾಟು ಒರೆಸಿದರೆ ಸಾಲದು. ನುಸಿ ಪಕ್ಕದ ಡಬ್ಬಿಗೆ ನಡೆದೇ ಹೋಗುತ್ತದೆ.

ಕಾಡಿನಲ್ಲಿ ಡಾರ್ಟ್ ಕಪ್ಪೆಗಳಿಗೆ ವಿಷ ಬರುವುದು ಇರುವೆ, ನುಸಿಗಳಂಥ ಆಹಾರದಿಂದಲೇ. ಮನೆಯ ಊಟದಲ್ಲಿ ಹುಟ್ಟಿ ಬೆಳೆದವು ವಿಷವಿಲ್ಲದವು. ಎಂಥ ಅದ್ಭುತ ಅಲ್ವಾ!

ಈಗ ಡಬ್ಬಿಗಳು ಮತ್ತೆ ತುಂಬಿವೆ. ಆದರೂ ಕಪ್ಪೆಗಳಿಗೆ ಬದಲಿ ಊಟಕ್ಕೆಂದು ಒದ್ದೆ ಇದ್ದಿಲಿನಲ್ಲಿ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಹುಳಗಳನ್ನೂ ಬೆಳೆಸಿಟ್ಟಿದ್ದೇನೆ. ಹೈಡೈ ಎಂಬ ದೊಡ್ಡ ಜಾತಿಯ ಹಣ್ಣಿನ ನೊಣಗಳ ಮೇಲೆ ಜಾಸ್ತಿ ಕಣ್ಣಿಡಿ: ಅವು ಬೆಳೆಯಲು ಹೆಚ್ಚು ದಿನ ಬೇಕು, ಅಷ್ಟರಲ್ಲಿ ನುಸಿ ತುಂಬಿಬಿಡುತ್ತದೆ.